ಎಡಗಾಲಿನ ಅಳತೆ

ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು, ಮಂಗಳವಾರ.
ಐವತ್ತೊಂದು ವರ್ಷ ಮಿಷನ್ನು ತುಳಿದ ಕಾಲು.
ಸಕ್ಕರೆ ಕಾಯಿಲೆ ತಿಂದು ಮುಗಿಸಿತ್ತು; ನಾನು ಬರೀ ರುಜು ಹಾಕಿದೆ.

ಎಲ್ಲಿಗೆ ಒಯ್ದಿರಿ ಅಂದರೆ
ವಾರ್ಡ್ ಬಾಯ್ ಕಿಟಕಿ ತೋರಿಸಿದ: ಹಳದಿ ಚೀಲ, ವ್ಯಾನು,
ಊರಾಚೆ ಎಲ್ಲೋ ಒಂದು ಕುಲುಮೆ.
ನಮ್ಮ ಮನೆತನದಲ್ಲಿ ಸುಟ್ಟವರಿಲ್ಲ ತಮ್ಮಾ,
ಅಜ್ಜ, ಅಪ್ಪ, ಎಲ್ಲ ಕೂತೇ ಮಣ್ಣಾದವರು,
ಅಂಗೈಯಲ್ಲಿ ಲಿಂಗ, ಸುತ್ತ ವಿಭೂತಿ ಗಟ್ಟಿ, ಪತ್ರೆ.
ನನ್ನ ಕಾಲೊಂದೇ ಕುಲ ಬಿಟ್ಟು ಬೆಂಕಿಗೆ ಹೋಯಿತು.

ಪಕ್ಕದ ಮಂಚ ಬುಡೇನ್ ಸಾಬರದು.
ಮಂಡಕ್ಕಿ ಭಟ್ಟಿಯ ಬಿಸಿ ಮರಳಿನ ಮುಂದೆ ನಿಂತೂ ನಿಂತೂ
ಸುಟ್ಟದ್ದೇ ತಿಳಿಯದೆ ಹೋದ ಪಾದ.
ಅವರ ಮಗ ಬಿಳಿ ಕೋರಾ ಬಟ್ಟೆ ತಂದ
(ಎರಡು ಮೊಳ; ನನಗೆ ಕಣ್ಣಳತೆ ಸಾಕು).
ಕೂಸನ್ನು ಸುತ್ತಿದ ಹಾಗೆ ಸುತ್ತಿ
ಖಬರಸ್ತಾನಕ್ಕೆ ಒಯ್ದ. ನಮಾಜಿಲ್ಲ, ಜನವಿಲ್ಲ,
ಒಂದು ಗುದ್ದಲಿ, ಒಂದು ಬೈಕು.
'ಮುಂಚೆ ಹೋಗಿ ಜಾಗ ಹಿಡಿದೈತೆ' ನಕ್ಕರು ಸಾಬರು.
ಆಮೇಲೆ ದನಿ ಇಳಿಸಿ:
'ಆ ದಿನ ಬಾಯಿಗೆ ಮೊಹರು ಬೀಳುತ್ತಂತೆ ಮುರಿಗೆಪ್ಪ,
ಕೈ ಮಾತಾಡ್ತವಂತೆ, ಕಾಲು ಸಾಕ್ಷಿ ಹೇಳ್ತವಂತೆ.
ನಂದು ಏನು ಹೇಳುತ್ತೋ!
ಎಪ್ಪತ್ತೆರಡನೇ ಇಸವಿ ರಾತ್ರಿಗಳಲ್ಲಿ
ಎಲ್ಲೆಲ್ಲಿ ನಡೆದಿತ್ತೋ ಅದಕ್ಕೇ ಗೊತ್ತು.'
ಇಬ್ಬರೂ ನಕ್ಕೂ ನಕ್ಕೂ ನನ್ನ ಪಟ್ಟಿ ಒದ್ದೆಯಾಯಿತು.

ಸಿಸ್ಟರ್ ಫಿಲೋಮಿನಾ ಬೈಯುತ್ತ ಬಿಚ್ಚಿದಳು.
ಅವರಲ್ಲೂ ಒಂದು ಮಾತಿದೆಯಂತೆ, ಕಾಲು ಪಾಪಕ್ಕೆ ಎಳೆದರೆ ಕಡಿದು ಹಾಕು,
ಕುಂಟನಾಗಿ ಜೀವ ಸೇರುವುದೇ ಮೇಲು.
'ಹಂಗಾರೆ ನಾನು ಅರ್ಧ ದಾರಿ ಬಂದೆ' ಅಂದೆ.
ಅವಳು ನಗಲಿಲ್ಲ.
ಗಾಯದ ತುದಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು,
ತುಂಬಿದ ಬಟ್ಟಲು ಹಿಡಿದ ಹಾಗೆ.

ರಾತ್ರಿ ತುರಿಕೆ. ಇಲ್ಲದ ಹೆಬ್ಬೆರಳು.
ಕೆರೆಯಲು ಕೈ ಚಾಚಿದರೆ ಬರೀ ಹಾಸಿಗೆ.
ಚೌಕಿಪೇಟೆಯ ಕೇಸರಿಮಲ್ ನೋಡಲು ಬಂದಾಗ ಹೇಳಿದೆ.
'ಜೀವ ಮೈಯಷ್ಟೇ ಅಗಲ, ಮಾಸ್ತರ್,
ದೀಪದ ಬೆಳಕು ಕೋಣೆಯಷ್ಟೇ ಹರಡೋ ಹಾಗೆ.
ಇರುವೆಯಲ್ಲಿ ಇರುವೆಯಷ್ಟು, ಆನೆಯಲ್ಲಿ ಆನೆಯಷ್ಟು.'
ಹಾಗಿದ್ದರೆ ನನ್ನ ಜೀವಕ್ಕಿನ್ನೂ ಸುದ್ದಿ ಮುಟ್ಟಿಲ್ಲ ಸೇಠ್,
ಹಳೇ ಅಳತೆಯಲ್ಲೇ ಇದೆ.

ಗುಂಡಾಚಾರ್ರು ಫೋನಿನಲ್ಲೇ ಸಮಾಧಾನ ಹೇಳಿದರು,
ದೇಹ ಅಂದರೆ ಕಳಚಿ ಬಿಡುವ ಹಳೇ ಬಟ್ಟೆ.
ಆಚಾರ್ರೇ, ನಿಮ್ಮ ಕೋಟಿನ ಮೊಣಕೈಗೆ
ಮೂರು ಸಲ ತೇಪೆ ಹಾಕಿದವನು ನಾನು.

ನನ್ನ ಚಿಂತೆ ಬೇರೆ. ನಾಳೆ ನನ್ನನ್ನು ಕೂರಿಸುವುದು ಹೇಗೆ?
ಚಕ್ಕಳಮಕ್ಕಳಕ್ಕೆ ಎರಡು ಕಾಲು ಬೇಕು.
ರುದ್ರಭೂಮಿಯಲ್ಲಿ ಗುಂಡಿ ತೋಡುವ ದುರುಗಪ್ಪನನ್ನು ಕರೆಸಿದೆ.
ಬೀಡಿಯನ್ನು ಕಿವಿಗೆ ಸಿಕ್ಕಿಸಿ ಮಂಚದ ತುದಿಗೆ ಕೂತ,
ಹೊದಿಕೆ ಸರಿಸಿ ನೋಡಿದ.
'ಕೂರಿಸ್ತೀನಿ ಬಿಡಪ್ಪ. ಆ ಕಡೆ ಒಂದು ಬುಟ್ಟಿ ಮಣ್ಣು
ಜಾಸ್ತಿ ಒತ್ತಿದರಾತು.
ಅಷ್ಟಕ್ಕೂ ಗುಂಡಿ ಅಳೆಯೋದು ಸತ್ತೋರ ಪಾದದಾಗೆ,
ಒಂಬತ್ತು ಪಾದ. ಅದಕ್ಕೆ ಒಂದೇ ಸಾಕು.'

ಹೇಳಿದವನೇ ತನ್ನ ಗೇಣಿನಿಂದ ನನ್ನ ಎಡಪಾದ ಅಳೆದ,
ಹಿಮ್ಮಡಿಯಿಂದ ಬೆರಳಿನವರೆಗೆ.
ದಾವಣಗೆರೆಯ ಮೈಯನ್ನೆಲ್ಲ ಅಳೆದಿದ್ದೇನೆ;
ಯಾವ ದೇವರ ಮುಂದೆ ಬಾಗುವ ಹೆಗಲೂ
ಎರಡು ಕಡೆ ಸಮ ಇರಲಿಲ್ಲ.
ನನ್ನನ್ನು ಅಳೆದವರು ಈವರೆಗೆ ಯಾರೂ ಇಲ್ಲ.
ಕಚಗುಳಿಯಾಯಿತು.

ಮನೆಗೆ ಬಂದು ಪ್ಯಾಂಟನ್ನು ಮೇಜಿನ ಮೇಲೆ ಹಾಸಿದೆ.
ಬಲಗಾಲಿಗೆ ಕತ್ತರಿ ಇಟ್ಟೆ. ತೆಗೆದೆ.
ಒಳಕ್ಕೆ ಮಡಿಚಿ ಎರಡು ಟಾಕು ಹಾಕಿದೆ,
ಬೆಳೆಯೋ ಹುಡುಗರ ಪ್ಯಾಂಟಿನಲ್ಲಿ
ಮುಂದಿನ ವರ್ಷಕ್ಕೆ ಅಂತ
ಬಟ್ಟೆ ಬಿಡುತ್ತೇವಲ್ಲ, ಹಾಗೆ.